ಸತ್ಯಾಂಶ: ಕ್ರೂಸ್ ಹಡಗಿನಲ್ಲಿ ವೀಗನ್‌ಗಳಿಗೆ ಬರೀ ಸಲಾಡೇ ಗತಿಯೇ?

‘ಕ್ರೂಸ್ ಹಡಗಿನಲ್ಲಿ ವೀಗನ್‌ಗಳಿಗೆ ಹಣ್ಣು, ಸಲಾಡ್ ಬಿಟ್ಟರೆ ಏನೂ ಸಿಗದು, ರೈಸ್ ಕುಕ್ಕರ್ ಒಯ್ಯಿರಿ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು. (ವೀಗನ್ ಎಂದರೆ ಮಾಂಸ, ಮೀನು, ಮೊಟ್ಟೆಯಷ್ಟೇ ಅಲ್ಲ, ಹಾಲು, ಬೆಣ್ಣೆ, ಜೇನನ್ನೂ ತಿನ್ನದವರು.)

ಮೊದಲು ಕುಕ್ಕರ್ ವಿಚಾರ. ಬೆಂಕಿಯ ಭಯದಿಂದ ಹಡಗಿನವರು ಅಡುಗೆಯ ವಿದ್ಯುತ್ ಉಪಕರಣಗಳನ್ನು ಕೋಣೆಗೆ ಬಿಡುವುದಿಲ್ಲ. ಬ್ಯಾಗ್ ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.

ಇನ್ನು ಊಟ. ದೊಡ್ಡ ಕಂಪನಿಗಳ ಹಡಗುಗಳಲ್ಲಿ ಈಗ ವೀಗನ್ ಅಡುಗೆ ಸಿಗುತ್ತದೆ. ಓಷಿಯಾನಿಯಾ ಕ್ರೂಸಸ್ 2017ರಲ್ಲೇ ಅದಕ್ಕೆಂದು ಪ್ರತ್ಯೇಕ ಮೆನು ತಂದಿತ್ತು. ಆದರೆ ಹಲವೆಡೆ ಕೇಳದಿದ್ದರೆ ಸಿಗದು. ಬುಕಿಂಗ್ ಆದ ಕೂಡಲೇ ಆಹಾರದ ವಿಭಾಗಕ್ಕೆ ಬರೆದು ತಿಳಿಸಿ. ಸಾಮಾನು ಹಡಗಿಗೇರುವುದು ಬಂದರಿನಲ್ಲೇ, ನಡುಗಡಲಲ್ಲಿ ಸೋಯಾ ಹಾಲು ಮುಗಿದರೆ ಮುಂದಿನ ಬಂದರಿನವರೆಗೆ ಕಾಯಬೇಕಾದೀತು. ಹತ್ತಿದ ದಿನವೇ ಊಟದ ಹಾಲ್‌ನ ಮುಖ್ಯಸ್ಥರನ್ನು ಕಂಡು, ನಾಳೆಯ ಮೆನುವನ್ನು ಇವತ್ತು ರಾತ್ರಿಯೇ ನೋಡಿ ಆರಿಸಿಕೊಳ್ಳಬಹುದೇ ಎಂದು ಕೇಳಿ. ಅಡುಗೆಯವರಿಗೆ ಒಂದು ದಿನ ಸಿಕ್ಕರೆ ತಟ್ಟೆಯ ರೂಪವೇ ಬದಲಾಗುತ್ತದೆ.

ಎಡವುವುದು ಬಹುತೇಕ ಬಫೆಯಲ್ಲಿ. ‘ವೆಜಿಟೇರಿಯನ್’ ಚೀಟಿ ಇದ್ದರೆ ವೀಗನ್ ಎಂದಲ್ಲ: ಬೇಯಿಸಿದ ತರಕಾರಿಯ ಹೊಳಪು ಬೆಣ್ಣೆಯದಿರಬಹುದು, ತರಕಾರಿ ಬರ್ಗರ್‌ನ ಟಿಕ್ಕಿ ಒಡೆಯದಿರಲು ಮೊಟ್ಟೆ ಬೆರೆಸಿರಬಹುದು, ಬನ್ನಿನ ಮೇಲ್ಭಾಗಕ್ಕೆ ಹಾಲು ಸವರಿರಬಹುದು. ಥಾಯ್ಲೆಂಡ್ ಶೈಲಿಯ ಕರಿಯಲ್ಲಂತೂ ಮೀನಿನ ಸಾಸ್ ಅಡಗಿರುವುದು ಮಾಮೂಲು. ‘ವೀಗನ್ನಾ?’ ಎಂದಷ್ಟೇ ಕೇಳಿದರೆ ಅವಸರದಲ್ಲಿ ‘ಹೌದು’ ಎಂದುಬಿಡುತ್ತಾರೆ. ಬೆಣ್ಣೆ, ಮೊಟ್ಟೆ, ಮೀನು, ಜೇನು ಎಂದು ಒಂದೊಂದಾಗಿ ಹೆಸರಿಸಿ ಕೇಳಿ.

ತಯಾರಕರ ಸೀಲ್ ಒಡೆಯದ ತಿಂಡಿ ಪೊಟ್ಟಣಗಳನ್ನು ಹಡಗಿಗೆ ಒಯ್ಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಬಫೆಯ ಹಣ್ಣನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಬಂದರಿಗೆ ಇಳಿಯಬೇಡಿ, ಹಲವು ದೇಶಗಳಲ್ಲಿ ದಂಡ ಬೀಳುತ್ತದೆ.