ಹತ್ತಿದ ಮೇಲೆ ಕೂತರಾಯಿತು

ನಮ್ಮ ಧಾರವಾಡದ ಕಡೆ ಕೆಲಸ ಸಿಗುವುದಿಲ್ಲ, ‘ನೌಕರಿ ಹತ್ತುತ್ತದೆ’. ಬೆಂಕಿ ಹತ್ತಿದ ಹಾಗೆ, ಹುಚ್ಚು ಹತ್ತಿದ ಹಾಗೆ ಎಂದು ವ್ಯಾಕರಣ ಬಲ್ಲವರು ಹೇಳಬಹುದು. ಹುಡುಗರು ಮಾತ್ರ ಅದನ್ನು ಬಸ್ಸು ಹತ್ತಿದ ಹಾಗೆ ಎಂದುಕೊಂಡಿದ್ದಾರೆ. ನುಗ್ಗಿ ಹತ್ತಬೇಕು, ಕಿಟಕಿಯಿಂದ ಟವೆಲ್ ಹಾಕಿಯಾದರೂ ಸೀಟು ಹಿಡಿಯಬೇಕು. ಆಮೇಲೆ 60 ತುಂಬುವವರೆಗೆ ಯಾರೂ ಎಬ್ಬಿಸುವುದಿಲ್ಲ. ಬಸ್ಸು ಯಾವ ಊರಿಗೆ ಹೋಗುತ್ತದೆ ಎಂದು ಕೇಳಿದವನೇ ಪೆದ್ದ.

ನನ್ನ ತಂಗಿಯ ಮಗ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಲೆಂದು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ ಇದು ಐದನೇ ವರ್ಷ. ಬೆಳಿಗ್ಗೆ ಆರಕ್ಕೆ ರೀಡಿಂಗ್ ರೂಮು, ಮಧ್ಯಾಹ್ನ ಖಾನಾವಳಿ, ಸಂಜೆ ಟೆಸ್ಟ್. ತಾಳಿಕೋಟೆ ಯುದ್ಧ 1565, ಸಂವಿಧಾನದ 42ನೇ ತಿದ್ದುಪಡಿ 1976. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬುರ್ಕಿನಾ ಫಾಸೊದ ರಾಜಧಾನಿ ಹೇಳುತ್ತಾನೆ. ಮೊನ್ನೆ ಚಹಾ ಕುಡಿಯುತ್ತಾ ಸುಮ್ನೆ ಕೇಳಿದೆ.

‘ಅಲ್ಲಪಾ, ಈ ಎಫ್‌ಡಿಎ, ಅಂದ್ರ ಪ್ರಥಮ ದರ್ಜೆ ಸಹಾಯಕ ಆದವರು ದಿನಾ ಏನ್ ಕೆಲಸ ಮಾಡ್ತಾರ?’

ಹುಡುಗ ಯೋಚಿಸಿದ. ‘ಮಾಮಾ, ಅದು ಸಿಲಬಸ್‌ನ್ಯಾಗ ಇಲ್ರಿ.’

ಹಾಗೆಂದು ಅವನಿಗೆ ಕಲ್ಪನೆಯೇ ಇಲ್ಲ ಎಂದಲ್ಲ. ಮೊಬೈಲಿನಲ್ಲಿ ನೂರಾರು ರೀಲ್ಸ್ ಇವೆ. ಜೀಪಿನ ಬಾಗಿಲು ತೆರೆಯುತ್ತದೆ. ಮೊದಲು ಬೂಟು ಬರುತ್ತದೆ, ಆಮೇಲೆ ಸಾಹೇಬರು. ಹಿಂದೆ ಡೊಳ್ಳು, ತಮಟೆ. ಕಚೇರಿಯವರೆಲ್ಲ ಎದ್ದು ನಿಲ್ಲುತ್ತಾರೆ. ಅಷ್ಟಕ್ಕೆ ರೀಲ್ ಮುಗಿಯಿತು. ಜೀಪಿನಿಂದ ಇಳಿದ ಸಾಹೇಬರು ಯಾರ ಪಹಣಿ ತಿದ್ದಿದರು, ಯಾವ ಮುದುಕಿಯ ಅರ್ಜಿ ನೋಡಿದರು ಎಂದು ತೋರಿಸುವ ರೀಲ್ ನಾನಂತೂ ಕಂಡಿಲ್ಲ. ಮಾಡಿದರೂ ಯಾರು ನೋಡುತ್ತಾರೆ, ಅಲ್ವಾ?

ಗೂಟದ ಕಾರಿನ ಆಸೆಯೂ ಇದೆ. ಗೂಟವನ್ನು 2017ರಲ್ಲೇ ಕಿತ್ತು ಹಾಕಿದ್ದಾರೆ, ಕನಸಿನ ಕಾರಿನ ಮೇಲೆ ಇನ್ನೂ ತಿರುಗುತ್ತಿದೆ. ಪಿಂಚಣಿಯದೂ ಅದೇ ಕಥೆ. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಸಾಮಾನ್ಯವಾಗಿ ಹಳೆಯ ಪಿಂಚಣಿ ಇಲ್ಲ, ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆ. ಆಗ ನಮ್ಮ ಹುಡುಗ ಒಂದನೇ ಕ್ಲಾಸು. ಅವನ ಕನಸು ಮಾತ್ರ ಅದಕ್ಕೂ ಮೊದಲೇ ಸೇವೆಗೆ ಸೇರಿದೆ.

ಹುಡುಗರನ್ನಷ್ಟೇ ಆಡಿಕೊಂಡರೆ ತಪ್ಪಾಗುತ್ತದೆ. ಬಸ್ಸು ಬರಬೇಕಲ್ಲ! 2011ರ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಆಯ್ಕೆಪಟ್ಟಿಯನ್ನು ಸರ್ಕಾರ 2014ರಲ್ಲಿ ರದ್ದು ಮಾಡಿತು. ಕೋರ್ಟು ಕಚೇರಿ ಎಲ್ಲ ಸುತ್ತಿ, ಕೊನೆಗೆ 2022ರಲ್ಲಿ ಅವರಿಗಾಗಿಯೇ ಒಂದು ಕಾಯ್ದೆ ಮಾಡಬೇಕಾಯಿತು. ಹನ್ನೊಂದು ವರ್ಷ! ಅಷ್ಟರಲ್ಲಿ ಹುಟ್ಟಿದ ಮಗು ಐದನೇ ಕ್ಲಾಸಿಗೆ ಬಂದಿರುತ್ತದೆ. 545 ಪಿಎಸ್‌ಐ ಹುದ್ದೆಗೆ 2021ರಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಕಳ್ಳರನ್ನು ಹಿಡಿಯುವವರನ್ನು ಆರಿಸುವುದಕ್ಕೆ ಮೊದಲು ಕಳ್ಳರನ್ನು ಹಿಡಿಯಬೇಕಾಗಿ ಬಂತು.

384 ಹುದ್ದೆಗಳಿಗೆ ಕೆಪಿಎಸ್‌ಸಿ, ಅಂದರೆ ರಾಜ್ಯದ ಲೋಕಸೇವಾ ಆಯೋಗ, ನಡೆಸಿದ ಪರೀಕ್ಷೆಯಂತೂ ನಮ್ಮ ಭಾಷೆಗೇ ಇಟ್ಟ ಪರೀಕ್ಷೆ. 2024ರ ಆಗಸ್ಟ್‌ನಲ್ಲಿ ಬಂದ ಪ್ರಶ್ನೆಪತ್ರಿಕೆಯ ಕನ್ನಡ ಹೇಗಿತ್ತೆಂದರೆ, ಕನ್ನಡದ ಪ್ರಶ್ನೆ ತಿಳಿಯಲು ಇಂಗ್ಲಿಷ್ ಓದಬೇಕು. ಗಲಾಟೆಯಾಯಿತು. ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಆಯಿತು. ಅದರಲ್ಲೂ ತಪ್ಪುಗಳು ಬಂದವು. ಪಾಪ, ಅನುವಾದ ಮಾಡಿದವರೂ ಒಂದು ಕಾಲಕ್ಕೆ ನುಗ್ಗಿ ಹತ್ತಿ ಸೀಟು ಹಿಡಿದವರೇ ಇರಬೇಕು.

ಇನ್ನು ಸೀಟು ಸಿಕ್ಕವರ ಸುಖ. 2024ರಲ್ಲಿ 1,000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಅರ್ಜಿ ಕರೆದಾಗ ಲಕ್ಷಗಟ್ಟಲೆ ಜನ ಮುಗಿಬಿದ್ದರು. ನಮ್ಮವನೂ ಹಾಕಿದ್ದ. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಆಗಲೇ ಆ ಹುದ್ದೆಯಲ್ಲಿ ಇರುವವರು ಕೆಲಸ ಬಿಟ್ಟು ತಾಲ್ಲೂಕು ಕಚೇರಿ ಮುಂದೆ ಧರಣಿ ಕೂತರು. ಮೊಬೈಲಿಗೆ 17ಕ್ಕೂ ಹೆಚ್ಚು ಆ್ಯಪ್ ತುಂಬಿದ್ದಾರೆ, ಎಲ್ಲಕ್ಕೂ ಗುರಿ ಕೊಟ್ಟಿದ್ದಾರೆ, ರಜೆಯ ದಿನವೂ ಬಿಡುವುದಿಲ್ಲ ಎನ್ನುವುದು ಅವರ ಗೋಳು. ಬೇಡಿಕೆ ಪಟ್ಟಿಯಲ್ಲಿ ಲ್ಯಾಪ್‌ಟಾಪ್, ಪ್ರಿಂಟರ್ ಜೊತೆಗೆ ಇನ್ನೊಂದು ಸಾಮಾನಿತ್ತು: ಕುರ್ಚಿ.

ನಾನು ಪೇಪರು ಹಿಡಿದುಕೊಂಡೇ ಸಪ್ತಾಪುರಕ್ಕೆ ಹೋದೆ. ಐದು ವರ್ಷದಿಂದ ಕುರ್ಚಿಗಾಗಿ ಓದುತ್ತಿರುವ ಹುಡುಗನಿಗೆ, ಹುದ್ದೆಯಲ್ಲಿ ಇರುವವರೇ ಕುರ್ಚಿಗಾಗಿ ಧರಣಿ ಕೂತ ಸುದ್ದಿಯನ್ನು ಮೆಲ್ಲಗೆ ಓದಿ ಹೇಳಿದೆ. ಮನಸ್ಸಿಗೆ ಹಚ್ಚಿಕೊಂಡಾನು ಎಂಬ ಭಯ ನನಗೆ. ಅವನು ಪೂರ್ತಿ ಕೇಳಿದ. ಪೆನ್ನಿನ ತುದಿ ಕಚ್ಚಿಕೊಂಡು ಯೋಚಿಸಿದ. ಆಮೇಲೆ ಕಣ್ಣು ಅರಳಿಸಿ ಕೇಳಿದ:

‘ಮಾಮಾ, ಅವರನ್ನೆಲ್ಲ ಸಸ್ಪೆಂಡ್ ಮಾಡಿದ್ರ ಆ ಪೋಸ್ಟ್ ಖಾಲಿ ಆಗ್ತಾವೇನ್ರಿ?’