ಬಾಸ್ಟನ್ ನೋಡಲು ಬಾತುಕೋಳಿ ಬಸ್ಸೇ ಬೇಕೇ?

ಪರ: ಹತ್ತಿ ಕೂತರೆ ಸಾಕು

ಊರಿಂದ ಅಪ್ಪ-ಅಮ್ಮ ಬಂದರೆ ಬಾಸ್ಟನ್ನಿನ ಕನ್ನಡಿಗರಿಗೆಲ್ಲ ಒಂದೇ ತಲೆಬಿಸಿ: ಶನಿವಾರ ಎಲ್ಲಿಗೆ ಕರ್ಕೊಂಡು ಹೋಗೋದು? ನಮ್ಮಮ್ಮನಿಗೆ ಮಂಡಿನೋವು. ಊರಿನ ಚಾರಿತ್ರಿಕ ಜಾಗಗಳನ್ನು ಸುತ್ತಿಸುವ ಕಾಲುದಾರಿ ಫ್ರೀಡಂ ಟ್ರೇಲ್‌ನ ಕೆಂಪು ಗೆರೆ ಹಿಡಿದು ಎರಡೂವರೆ ಮೈಲಿ ನಡೆಸೋದು ಆಗದ ಮಾತು. ಹಾಗಾಗಿ ‘ಡಕ್’ ಹತ್ತಿಸಿದೆ. ಡಕ್ ಅಂದರೆ ಬಾತುಕೋಳಿ, ರಸ್ತೆಯಲ್ಲೂ ಓಡಿ ನೀರಲ್ಲೂ ತೇಲುವ ಪ್ರವಾಸಿ ಬಸ್ಸು. ಸುಮಾರು 80 ನಿಮಿಷದ ಸುತ್ತು. ರಾಜ್ಯದ ಶಾಸನಸಭೆ ಕೂರುವ ಸ್ಟೇಟ್ ಹೌಸಿನ ಚಿನ್ನದ ಗುಮ್ಮಟ, ಬಾಸ್ಟನ್ ಕಾಮನ್ ಉದ್ಯಾನ, ಹಳೇ ಪೇಟೆಯ ಕಲ್ಲು ಕಟ್ಟಡ ಎಲ್ಲ ಕೂತಲ್ಲೇ ಆಯಿತು.

ಆಮೇಲೆ ಇಳಿಜಾರು. ಬಸ್ಸು ನಿಲ್ಲಲಿಲ್ಲ, ನೇರ ಚಾರ್ಲ್ಸ್ ನದಿಗೇ ಇಳಿಯಿತು. ಮೂತಿ ಒಂದು ಕ್ಷಣ ಮುಳುಗಿದ ಹಾಗಾಗಿ ಎರಡೂ ಬದಿ ನೀರು ಎದ್ದಿತು. ಚಕ್ರದ ಗಡಗಡ ನಿಂತು, ಮೈಯೆಲ್ಲ ಹಗುರಾಗಿ ತೇಲತೊಡಗಿತು. ಮುಂದಿನ ಸೀಟಿನ ಕಂಬಿ ಹಿಡಿದಿದ್ದ ಅಪ್ಪ ‘ಬ್ರೇಕ್ ಹಾಕ್ರಪ್ಪಾ!’ ಅಂತ ಕನ್ನಡದಲ್ಲೇ ಕೂಗಿದರು. ನದಿಯ ನಡುವೆ ಮಕ್ಕಳನ್ನು ಕರೆದು ಸ್ಟಿಯರಿಂಗ್ ಕೊಡುವ ಪದ್ಧತಿ ಇದೆ. ಅಪ್ಪನೂ ಕೈ ಎತ್ತಿದ್ದರು, ಪಾಪ.

ಇದನ್ನು ಬರೀ ಜಾತ್ರೆಯ ತೊಟ್ಟಿಲು ಅನ್ನುವವರಿಗೆ ಅದರ ಪೂರ್ವಾಶ್ರಮ ಗೊತ್ತಿಲ್ಲ. ಎರಡನೇ ಮಹಾಯುದ್ಧದಲ್ಲಿ ಜನರಲ್ ಮೋಟಾರ್ಸ್ ಇಂಥ 21,000ದಷ್ಟು ಗಾಡಿ ಮಾಡಿತ್ತು. ಕಾರ್ಖಾನೆಯ ಸಂಕೇತಾಕ್ಷರ ಡಿ-ಯು-ಕೆ-ಡಬ್ಲ್ಯು. ಸೈನಿಕರ ಬಾಯಲ್ಲಿ ಅದೇ ‘ಡಕ್’ ಆಯಿತು. ಬಂದರೇ ಇಲ್ಲದ ಫ್ರಾನ್ಸಿನ ನಾರ್ಮಂಡಿ ದಡಕ್ಕೆ ಹಡಗಿನಿಂದ ಸಾಮಾನು ಹೊತ್ತದ್ದು ಇವೇ. ಬಾಸ್ಟನ್ನಿನಲ್ಲಿ 1994ರಿಂದ ಪ್ರವಾಸಿಗಳನ್ನು ಹೊರುತ್ತಿವೆ. ಈಗಿನವು ಹೆಚ್ಚಿನವು ಅದೇ ರೂಪದ ಹೊಸ ಗಾಡಿಗಳು.

ಈ ಊರಿಗೆ ಅವು ಎಷ್ಟು ಒಗ್ಗಿವೆಯೆಂದರೆ, 86 ವರ್ಷ ಕಾದು 2004ರಲ್ಲಿ ರೆಡ್ ಸಾಕ್ಸ್ ತಂಡ ಬೇಸ್‌ಬಾಲ್ ಪಟ್ಟ ಗೆದ್ದಾಗ ಆಟಗಾರರ ಮೆರವಣಿಗೆ ನಡೆದದ್ದು ಡಕ್‌ಗಳ ಮೇಲೆ. ನಮ್ಮಲ್ಲಿ ತೆರೆದ ಜೀಪು ಇದ್ದಂತೆ ಅವರಿಗೆ ಇದು. ಅಪಾಯದ ಮಾತು ಬಂದರೆ, ಚಾರ್ಲ್ಸ್ ನದಿಯ ಈ ಭಾಗ ಹೆಸರಿಗಷ್ಟೇ ನದಿ. ಅಣೆಕಟ್ಟು ಹಾಕಿ ನಿಲ್ಲಿಸಿದ ನೀರು, ನಮ್ಮೂರ ಕೆರೆಯ ಹಾಗೆ.

ವಿರೋಧ: ಎರಡು ದೋಣಿಯ ಮೇಲೆ ಕಾಲು

ಕೆರೆಯ ಹಾಗೆ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಅರ್ಕಾನ್ಸಾದ ಲೇಕ್ ಹ್ಯಾಮಿಲ್ಟನ್ ಕೂಡ ಅಣೆಕಟ್ಟಿನ ಕೆರೆಯೇ. 1999ರ ಮೇ 1ರಂದು ಅಲ್ಲಿ ಡಕ್ ಒಂದು ನೀರಿಗಿಳಿದ ಕೆಲವೇ ನಿಮಿಷಗಳಲ್ಲಿ ಮುಳುಗಿ 13 ಜನ ಸತ್ತರು. ಚಕ್ರಕ್ಕೆ ಶಕ್ತಿ ಹೋಗುವ ಶಾಫ್ಟು ಒಡಲನ್ನು ತೂರಿ ಹೋಗುವ ಜಾಗದಲ್ಲಿ ರಬ್ಬರ್ ಸೀಲು ಕಳಚಿಕೊಂಡಿತ್ತು. ಬಸ್ಸೂ ಆಗಬೇಕು, ದೋಣಿಯೂ ಆಗಬೇಕು ಅಂದರೆ ದೋಣಿಯ ಹೊಟ್ಟೆಗೆ ತೂತು ಕೊರೆಯಲೇಬೇಕು. ನೀರು ನುಗ್ಗಿದಾಗ ಪ್ರಯಾಣಿಕರು ತೇಲಿ ಮೇಲೆ ಬಂದರೂ ತಲೆ ಮೇಲಿನ ಚಾವಣಿ ತಡೆಯಿತು.

ಚಾವಣಿ ತೆಗೆಯಿರಿ, ನೀರು ತುಂಬಿದರೂ ತೇಲುವಂತೆ ಮಾಡಿ ಎಂದು ತನಿಖೆ ಮಾಡಿದ ಸಂಸ್ಥೆ ಆಗಲೇ ಹೇಳಿತು. ಯಾರು ಕೇಳಿದರು? 2018ರ ಜುಲೈ 19ರಂದು ಮಿಸ್ಸೌರಿಯ ಬ್ರಾನ್ಸನ್‌ನಲ್ಲಿ, ಬಿರುಗಾಳಿಯ ಎಚ್ಚರಿಕೆ ಇದ್ದರೂ ಕೆರೆಗಿಳಿದ ಡಕ್‌ನಲ್ಲಿ 31 ಮಂದಿಯಿದ್ದರು. ಸತ್ತವರು 17, ಅವರಲ್ಲಿ ಒಂಬತ್ತು ಜನ ಒಂದೇ ಕುಟುಂಬದವರು. ಅಲ್ಲೂ ಚಾವಣಿಯೇ. ಅಮೆರಿಕದ ಸಂಸತ್ತು ಇದನ್ನು ಕಾನೂನಿನಲ್ಲಿ ಬರೆಯುವಷ್ಟರಲ್ಲಿ 2022ರ ಡಿಸೆಂಬರ್ ಬಂದಿತ್ತು.

ಬಾಸ್ಟನ್ ಬೇರೆ ಅನ್ನುತ್ತೀರಿ. ನೀರಿನ ಮಟ್ಟಿಗೆ ಒಪ್ಪಿದೆ. ಆದರೆ ರಸ್ತೆ? ಆ ಉದ್ದ ಮೂತಿಯ ಹಿಂದೆ, ಎತ್ತರದಲ್ಲಿ ಕೂತ ಚಾಲಕನಿಗೆ ಮೂತಿಯ ಕೆಳಗಿರುವುದು ಕಾಣುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಬೀಕನ್ ಹಿಲ್ ಹತ್ತಿರ ಸ್ಕೂಟರಿನಲ್ಲಿದ್ದ ಯುವತಿಯೊಬ್ಬಳು ಡಕ್‌ಗೆ ಸಿಕ್ಕಿ ಸತ್ತಳು. ಆಮೇಲೆ ರಾಜ್ಯ ಕಾನೂನು ಮಾಡಿತು: ಕಥೆ ಹೇಳಲು ಬೇರೆ ಆಳು ಇರಬೇಕು, ಕ್ಯಾಮೆರಾ ಇರಬೇಕು. ಅಲ್ಲಿಯವರೆಗೆ ಸ್ಟಿಯರಿಂಗ್ ಹಿಡಿದವನೇ ಜೋಕನ್ನೂ ಹೇಳುತ್ತಿದ್ದ! ಬಿಎಂಟಿಸಿ ಡ್ರೈವರು ಮೈಕ್ ಹಿಡಿದು ಮೆಜೆಸ್ಟಿಕ್ಕಿನ ಚರಿತ್ರೆ ಹೇಳುತ್ತಾ ಓಡಿಸಿದರೆ ನಾವು ಕೂರುತ್ತೇವೆಯೇ?

ಇಷ್ಟಕ್ಕೂ ನೀರಿನ ಮೇಲೆ ಸಿಗುವುದು ಇಪ್ಪತ್ತೇ ನಿಮಿಷ. ಉಳಿದ ಒಂದು ಗಂಟೆ ಟ್ರಾಫಿಕ್ಕಿನಲ್ಲಿ ‘ಕ್ವ್ಯಾಕ್ ಕ್ವ್ಯಾಕ್’ ಅನ್ನಬೇಕು. ದಾರಿಹೋಕರ ಮುಖ ನೋಡುವ ಧೈರ್ಯ ನನಗಂತೂ ಇಲ್ಲ.

ಮಂಡಿನೋವಿನವರಿಗೂ ಬೇರೆ ದಾರಿ ಇದೆ. ನದಿಯಾಚೆಯ ಕೆಂಡಲ್ ನಿಲ್ದಾಣದಲ್ಲಿ ಬಾಸ್ಟನ್ ಕಡೆಯ ರೆಡ್ ಲೈನ್ ಮೆಟ್ರೋ ರೈಲು ಹತ್ತಿಸಿ, ಟಿಕೆಟ್ 2.40 ಡಾಲರ್. ಸುರಂಗದಿಂದ ಹೊರಬಂದು ಲಾಂಗ್‌ಫೆಲೋ ಸೇತುವೆ ಏರುತ್ತಿದ್ದಂತೆ ಬಿಳಿ ಹಾಯಿದೋಣಿಗಳು, ಗುಮ್ಮಟ, ಇಡೀ ಊರು ಒಟ್ಟಿಗೆ ಕಾಣುತ್ತದೆ. ಬೇಸಿಗೆಯಲ್ಲಿ ಕೆಳಗೆ ಒಂದು ಡಕ್ಕೂ ಇರುತ್ತದೆ. ಅದರಲ್ಲಿದ್ದವರು ರೈಲಿನ ಕಡೆ ಕೈಬೀಸುತ್ತಾರೆ. ನಾನೂ ಬೀಸುತ್ತೇನೆ, ಕಿಟಕಿಯ ಒಳಗಿನಿಂದ.