ಅಪ್ಪನ ನೋಟ್‌ಬುಕ್ಕು, ನನ್ನ 40 ಲಕ್ಷ

2025ರ ಮೇ 31ಕ್ಕೆ ರಿಟೈರ್ ಆದೆ. ದಾವಣಗೆರೆಯ ಖಾಸಗಿ ಕಾಲೇಜೊಂದರ ಆಫೀಸಿನಲ್ಲಿ 31 ವರ್ಷ ಕೆಲಸ. ಪಿಎಫ್, ಗ್ರಾಚ್ಯುಟಿ, ಅಷ್ಟಿಷ್ಟು ಉಳಿತಾಯ ಎಲ್ಲಾ ಸೇರಿ ಕೈಗೆ ಬಂದದ್ದು 40 ಲಕ್ಷ. ಇನ್ನು ನಾನು, ನನ್ನ ಹೆಂಡತಿ ಬದುಕಬೇಕಾದದ್ದು ಇದರಲ್ಲೇ. ಸರ್ಕಾರಿ ನೌಕರರ ಹಾಗೆ ಡಿಎ (ತುಟ್ಟಿಭತ್ಯೆ) ಜೊತೆ ಏರುವ ಪಿಂಚಣಿ ನಮಗಿಲ್ಲ. ಪಿಎಫ್ ಜೊತೆಗಿನ ನೌಕರರ ಪಿಂಚಣಿ ಯೋಜನೆ, ಇಪಿಎಸ್‌ನಿಂದ ತಿಂಗಳಿಗೆ 3,200 ರೂಪಾಯಿ ಬರುತ್ತದೆ. ಹತ್ತು ವರ್ಷ ಬಿಟ್ಟು ನೋಡಿದರೂ ಅದು ಅಷ್ಟೇ ಇರುತ್ತದೆ.

ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ಬರುವ ಗೆಳೆಯರೆಲ್ಲರದ್ದೂ ಒಂದೇ ಸಲಹೆ. "ಸುಮ್ನೆ ಎಲ್ಲಾ ಬಾಂಡು, ಪೋಸ್ಟಾಫೀಸಿಗೆ ಹಾಕಿಬಿಡ್ರಿ. ಈ ವಯಸ್ಸಲ್ಲಿ ಶೇರು ಗೀರು ಯಾಕ್ರೀ ಬೇಕು?" ಪ್ರೀತಿಯಿಂದಲೇ ಹೇಳಿದ ಮಾತು. ನಾನೂ ಒಂದು ವಾರ ಹಾಗೇ ಮಾಡೋಣ ಅಂತಿದ್ದೆ. ಆಮೇಲೆ ಅಟ್ಟದಲ್ಲಿದ್ದ ಅಪ್ಪನ ನೋಟ್‌ಬುಕ್ ಕೈಗೆ ಸಿಕ್ಕಿತು.

ಅಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿದ್ದರು. 2000ದಲ್ಲಿ ನಿವೃತ್ತಿ. ಬಂದ 5 ಲಕ್ಷವನ್ನು ಪೂರ್ತಿ ಬ್ಯಾಂಕಿನಲ್ಲಿ ಮೂರು ವರ್ಷಕ್ಕೆ ಇಟ್ಟರು. ಆಗ ಬಡ್ಡಿ ಶೇ 10. ತಿಂಗಳಿಗೆ 4,166 ರೂಪಾಯಿ, ಮನೆ ಖರ್ಚು 3,400. ನೋಟ್‌ಬುಕ್ಕಿನ ಮೊದಲ ಹಾಳೆಗಳಲ್ಲಿ ಅಕ್ಷರ ದುಂಡಗೆ, ಸಾಲುಗಳ ನಡುವೆ ಧಾರಾಳ ಜಾಗ. 2003ರಲ್ಲಿ ಡೆಪಾಸಿಟ್ ಮುಗಿಯಿತು. ರಿನ್ಯೂವಲ್ ಮಾಡಿಸಲು ಹೋದಾಗ ದರ ಶೇ 5.75. ಅದೇ 5 ಲಕ್ಷ, ಅದೇ ಬ್ಯಾಂಕು, ಬಂದದ್ದು ತಿಂಗಳಿಗೆ 2,395. ಅಸಲಿನಲ್ಲಿ ಒಂದು ರೂಪಾಯಿಯೂ ಹೋಗಿರಲಿಲ್ಲ. ಆದಾಯ ಮಾತ್ರ ಹತ್ತಿರ ಹತ್ತಿರ ಅರ್ಧ ಆಗಿತ್ತು.

2004ರಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಶೇ 9ಕ್ಕೆ ಬಂದದ್ದರಿಂದ ಸ್ವಲ್ಪ ಉಸಿರಾಡಿದರು. ಎಫ್‌ಡಿ ಮುರಿಸಿ ಅಲ್ಲಿಗೆ ಹಾಕಿದರು. ಬಡ್ಡಿ ನಿಂತಲ್ಲೇ ನಿಂತಿತು, ಖರ್ಚು ನಿಲ್ಲಲಿಲ್ಲ. ಅಮ್ಮನ ಶುಗರ್ ಮಾತ್ರೆ, ಗ್ಯಾಸು, ಅಕ್ಕಿ. 2011ರ ಒಂದು ಹಾಳೆಯಲ್ಲಿ ಎರಡೇ ಪದ ಬರೆದಿದ್ದಾರೆ: "ಪೇಪರ್ ಬಂದ್." ಬೆಳಿಗ್ಗೆ ಪೇಪರ್ ಓದದೆ ಕಾಫಿ ಕುಡಿಯದ ಮನುಷ್ಯ. ನಮಗೆ ಯಾರಿಗೂ ಹೇಳಿರಲಿಲ್ಲ. ಲೈಬ್ರರಿಗೆ ಹೋಗಿ ಓದುತ್ತೇನೆ, ನಡೆದ ಹಾಗೂ ಆಗುತ್ತದೆ ಅಂದಿದ್ದರು. ನಾವು ನಂಬಿದ್ದೆವು. ಆ ಹಾಳೆ ನೋಡಿದ ಮೇಲೆ ನನಗೆ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ.

ಆ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡೇ ನನ್ನ ಲೆಕ್ಕ ಹಾಕಿದೆ. ಹಿರಿಯ ನಾಗರಿಕರ ಯೋಜನೆಯಲ್ಲಿ ಈಗ ಒಬ್ಬರು 30 ಲಕ್ಷದವರೆಗೆ ಇಡಬಹುದು. 2023ರ ಏಪ್ರಿಲ್‌ವರೆಗೆ ಮಿತಿ 15 ಲಕ್ಷ ಇತ್ತು. ನಾನು ಇಟ್ಟಾಗ ದರ ಶೇ 8.2. ಮೂರು ತಿಂಗಳಿಗೊಮ್ಮೆ 61,500. ಉಳಿದ 10 ಲಕ್ಷವನ್ನು ರಿಸರ್ವ್ ಬ್ಯಾಂಕಿನ ಫ್ಲೋಟಿಂಗ್ ರೇಟ್ ಬಾಂಡಿಗೆ, ಅಂದರೆ ಸರ್ಕಾರಕ್ಕೆ ಸಾಲ ಕೊಟ್ಟು ಬದಲಾಗುವ ಬಡ್ಡಿ ಪಡೆಯುವ ಪತ್ರಕ್ಕೆ, ಹಾಕಿದ್ದರೆ ಶೇ 8.05. ಎಲ್ಲಾ ಸೇರಿ ತಿಂಗಳಿಗೆ 27,200. ನಮ್ಮ ಖರ್ಚು 25,000. ಇಪಿಎಸ್ ಬೇರೆ. ಇವತ್ತಿಗೆ ನೋಡಿದರೆ ಏನೂ ಕೊರತೆಯಿಲ್ಲ. ಅಪ್ಪನಿಗೂ 2000ದಲ್ಲಿ ಹೀಗೇ ಕಂಡಿತ್ತು.

ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ 12 ವರ್ಷಕ್ಕೆ ಖರ್ಚು ಎರಡು ಪಟ್ಟು. ನನಗೆ 72 ಆಗುವ ಹೊತ್ತಿಗೆ 25,000 ಹೋಗಿ 50,000. ಶೇ 6 ಜಾಸ್ತಿ ಆಯ್ತು ಅನ್ನುವವರು ಮನೆಯ ಔಷಧಿ ಬಿಲ್ ತೆಗೆದು ನೋಡಿ. ನಂದಿನಿ ಹಾಲು 2025ರ ಏಪ್ರಿಲ್‌ನಲ್ಲಿ ಒಂದೇ ಏಟಿಗೆ ಲೀಟರಿಗೆ 4 ರೂಪಾಯಿ ಏರಿತು. ನನ್ನ ಬಡ್ಡಿ ಹೆಚ್ಚೆಂದರೆ ಅದೇ 27,200. ಐದು ವರ್ಷದ ಮೇಲೆ ಯೋಜನೆ ಮುಂದುವರಿಸುವಾಗ ಆಗ ಯಾವ ದರ ಇರುತ್ತದೋ ಅದೇ ಗತಿ. ಫ್ಲೋಟಿಂಗ್ ಬಾಂಡಿನ ದರವಂತೂ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. 2025ರ ಫೆಬ್ರವರಿಯಿಂದ ರಿಸರ್ವ್ ಬ್ಯಾಂಕು ರೆಪೊ ದರ, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಇಳಿಸುತ್ತಾ ಬಂತು, ಬ್ಯಾಂಕುಗಳ ಎಫ್‌ಡಿ ದರ ಅದರ ಹಿಂದೆಯೇ ಇಳಿಯಿತು.

ಬೆಲೆ ಏರಿಕೆಗೆ ತಕ್ಕಂತೆ ಬಡ್ಡಿ ಕೊಡುವ ಬಾಂಡನ್ನು 2013ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕೇ ತಂದಿತ್ತು. ಜನ ಕೊಳ್ಳಲಿಲ್ಲ. ನಮ್ಮಂಥವರಿಗೆ ಹೇಳಿ ಮಾಡಿಸಿದ ಹಾಗಿತ್ತು, ಈಗ ಇಲ್ಲ. ನನಗೆ ಇವತ್ತಿಗೂ ಬೇಸರ.

ಮೂವತ್ತು ವರ್ಷದ ಸರ್ಕಾರಿ ಬಾಂಡ್ ಕೊಂಡು ದರ ಕಟ್ಟಿಹಾಕಿಬಿಡಿ ಅಂತ ಒಬ್ಬರು ಹೇಳಿದರು. ಸರ್ಕಾರ ದುಡ್ಡು ಮುಳುಗಿಸುವುದಿಲ್ಲ, ನಿಜ. ಆದರೆ ಮಧ್ಯೆ ಆಸ್ಪತ್ರೆ ಖರ್ಚು ಬಂದು ಮಾರಬೇಕಾದರೆ? ನನ್ನ ಬಾಂಡು ಶೇ 7ರದ್ದು, ಹೊಸದು ಶೇ 8ಕ್ಕೆ ಸಿಗುತ್ತಿದೆ ಅಂದುಕೊಳ್ಳಿ. ನನ್ನದನ್ನು ಒಂದು ಲಕ್ಷಕ್ಕೆ ಯಾರು ತಗೊಳ್ತಾರೆ? ಇನ್ನೂ ಹತ್ತು ವರ್ಷ ಬಾಕಿ ಇದ್ದರೆ 93,000ದ ಆಸುಪಾಸು ಸಿಗಬಹುದು. ವರ್ಷ ಜಾಸ್ತಿ ಇದ್ದಷ್ಟೂ ಪೆಟ್ಟು ಜಾಸ್ತಿ.

ಬಡ್ಡಿ ಸಾಲದು ಅಂತ ಅನ್ನಿಸಿದ ಕೂಡಲೇ ನಮ್ಮ ಕಡೆ ಜನ ಓಡುವುದು ಪತ್ತಿನ ಸಂಘಗಳಿಗೆ. ಶೇ 11, ಶೇ 12 ಅನ್ನುತ್ತಾರೆ. ಬ್ಯಾಂಕಿನಲ್ಲಾದರೆ, ಸಹಕಾರಿ ಬ್ಯಾಂಕೂ ಸೇರಿ, 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಹಕಾರ ಸಂಘಕ್ಕೆ ಆ ವಿಮೆ ಇಲ್ಲ. ನಮ್ಮ ಬೀದಿಯಲ್ಲೇ ಒಬ್ಬರು ಮಗಳ ಮದುವೆ ದುಡ್ಡು ಅಂಥ ಕಡೆ ಇಟ್ಟು, ಎರಡು ವರ್ಷದಿಂದ ಬಾಗಿಲು ತಟ್ಟುತ್ತಿದ್ದಾರೆ. ಕೈ ಮುಗಿದು ಕೇಳುತ್ತೇನೆ, ಆ ಒಂದೆರಡು ಪರ್ಸೆಂಟಿಗೆ ಆಸೆ ಬೀಳಬೇಡಿ.

ಕೊನೆಗೆ ನಾನು ಮಾಡಿದ್ದು ಇಷ್ಟು. 30 ಲಕ್ಷ ಹಿರಿಯ ನಾಗರಿಕರ ಯೋಜನೆಗೆ, 2 ಲಕ್ಷ ಬ್ಯಾಂಕಿನಲ್ಲಿ ಆಸ್ಪತ್ರೆಗೆ ಅಂತ, 8 ಲಕ್ಷ ನಿಫ್ಟಿ ಇಂಡೆಕ್ಸ್ ಫಂಡಿಗೆ, ಅಂದರೆ ದೇಶದ ಐವತ್ತು ದೊಡ್ಡ ಕಂಪನಿಗಳ ಶೇರು ಕೊಳ್ಳುವ ಫಂಡಿಗೆ. ಬಡ್ಡಿ ತಿಂಗಳಿಗೆ 20,500. ಇಪಿಎಸ್ ಸೇರಿದರೂ 1,300 ಕಡಿಮೆ ಬೀಳುತ್ತದೆ. ಅದಕ್ಕೆ ಅಶೋಕ ರಸ್ತೆಯ ಅಂಗಡಿಯೊಂದರ ಲೆಕ್ಕ ಬರೆದುಕೊಡುತ್ತಿದ್ದೇನೆ.

"ರೀ, ಶೇರು ಬಿದ್ದರೆ?" ಅಂತ ಹೆಂಡತಿ ಕೇಳಿದಳು. ಬೀಳುತ್ತದೆ. 2020ರ ಜನವರಿಯಲ್ಲಿ ಮುಂಬೈ ಶೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 42,000 ಮುಟ್ಟಿತ್ತು, ಮಾರ್ಚ್ 23ಕ್ಕೆ 26,000ಕ್ಕೂ ಕೆಳಗೆ ಬಂತು. ಅಂಥದ್ದು ಮತ್ತೆ ಬಂದರೆ ನಮ್ಮ 8 ಲಕ್ಷ 5 ಲಕ್ಷ ಆಗುತ್ತದೆ. ಆ ಸಲ ವರ್ಷದೊಳಗೇ ಚೇತರಿಸಿತು. 2008ರ ಜನವರಿಯ 21,000ವನ್ನು ಮತ್ತೆ ಮುಟ್ಟಲು ಮಾತ್ರ 2010ರ ನವೆಂಬರ್ ಬರಬೇಕಾಯಿತು. ಇದನ್ನೆಲ್ಲಾ ಅವಳಿಗೆ ಹಾಳೆಯಲ್ಲಿ ಬರೆದು ತೋರಿಸಿದೆ. ಈ 8 ಲಕ್ಷವನ್ನು ಹತ್ತು ವರ್ಷ ಮುಟ್ಟುವುದಿಲ್ಲ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಸೋಪು, ಸಿಮೆಂಟು, ಮಾತ್ರೆಗಳ ಬೆಲೆ ಏರಿದಾಗ ಆ ಜಾಸ್ತಿ ದುಡ್ಡು ಹೋಗುವುದು ಕಂಪನಿಗಳಿಗೆ. ಅದರಲ್ಲಿ ನಮ್ಮದೂ ಒಂದು ಸಣ್ಣ ಪಾಲು ಇರಲಿ ಅನ್ನುವುದು ನನ್ನ ಲೆಕ್ಕ. ಏರಿಯೇ ಏರುತ್ತದೆ ಅಂತ ಯಾರಿಗೂ ಮಾತು ಕೊಡಲಾರೆ.

ಡಿಎ ಜೊತೆ ಪಿಂಚಣಿ ಬರುವವರಿಗೆ ಈ ಚಿಂತೆ ಬೇಕಿಲ್ಲ, ಎಲ್ಲಾ ಬಾಂಡಿನಲ್ಲೇ ಇಡಲಿ. ಎಂಬತ್ತು ದಾಟಿದವರೂ ಅಷ್ಟೇ. ಶೇರು ಬಿದ್ದ ದಿನ ಗಾಬರಿಯಾಗಿ ಮಾರುವ ಸ್ವಭಾವದವರು ಆ ಕಡೆ ಹೋಗದಿರುವುದೇ ಒಳ್ಳೆಯದು. ನಾನು ಹೇಳುತ್ತಿರುವುದು ಅರವತ್ತರ ಆಸುಪಾಸಿನ, ಏರುವ ಪಿಂಚಣಿ ಇಲ್ಲದ, ಇನ್ನೂ ಇಪ್ಪತ್ತೈದು ವರ್ಷ ಬದುಕಬಹುದಾದ ನಮ್ಮಂಥವರಿಗೆ. ಅಸಲು ಉಳಿದರೆ ಸಾಕು ಅಂತ ಕೂರಬೇಡಿ. 75ನೇ ವಯಸ್ಸಿನಲ್ಲಿ ನಿಮ್ಮ ತಿಂಗಳ ಖರ್ಚು ಎಷ್ಟಿರುತ್ತದೆ ಅಂತ ಇವತ್ತೇ ಒಂದು ಹಾಳೆಯಲ್ಲಿ ಬರೆದು ನೋಡಿ.

ಅಕ್ಟೋಬರ್ 1ಕ್ಕೆ ಮೊದಲ ಪೂರ್ತಿ ಕಂತು 61,500 ಬಂತು. ಅಪ್ಪನ ನೋಟ್‌ಬುಕ್ಕಿನಲ್ಲಿ ಇನ್ನೂ ಖಾಲಿ ಹಾಳೆಗಳಿದ್ದವು, ಅದರಲ್ಲೇ ಬರೆದೆ. ಕೆಳಗೆ ಹಾಲು, ಗ್ಯಾಸು, ಮಾತ್ರೆ. ಪೇಪರ್ ಬಿಲ್ಲಿಗೂ ಒಂದು ಸಾಲು ಇದೆ.